ಕಲ್ಲಿನ ಮೇಲೆ ಆರ್ವಾಂಟ

ಡ್ವೇನ್ ಪೆಸೆಕ್‌ನ ಸಮಾಧಿಗಲ್ಲಿನ ಮೇಲೆ ಯಾವ ಕಂಪನಿಯ ಹೆಸರು ಕೆತ್ತಬೇಕು ಎಂಬ ಮಾತು ಅವನನ್ನು ಹೂಳಿದ ದಿನವೇ, ಚರ್ಚಿನ ನೆಲಮಾಳಿಗೆಯಲ್ಲಿ, ತಟ್ಟೆಯಲ್ಲಿದ್ದ ಹಂದಿಮಾಂಸದ ಸ್ಯಾಂಡ್‌ವಿಚ್ ಮುಗಿಯುವ ಮೊದಲೇ ಶುರುವಾಯಿತು. ಮಾತು ತೆಗೆದವನು ಲೈಲ್ ಒಸ್ಟ್ರಾಂಡರ್. ಡನ್‌ಲ್ಯಾಪ್ ಜಂಕ್ಷನ್ನಿನ ರೈಲ್ವೆ ಕೆಲಸಗಾರರ ಸಂಘಕ್ಕೆ ಅಧ್ಯಕ್ಷ ಅವನೇ. ಕೆಲಸದ ಮೇಲೆ ಸತ್ತವರಿಗೆ ಕಲ್ಲು ಹಾಕಿಸುವುದು ಸಂಘದ ಪದ್ಧತಿ. ಕಲ್ಲಿನ ನೆತ್ತಿಯ ಮೇಲೆ ಕಂಪನಿಯ ಲಾಂಛನ, ಕೆಳಗೆ ಹೆಸರು. ಊರಿನ ಸ್ಮಶಾನದ ಪೂರ್ವದ ಸಾಲು ತುಂಬ ಅಂಥ ಕಲ್ಲುಗಳೇ. ಗುರಾಣಿಯೊಳಗೆ ಒಂದು ಚಕ್ರ, ಚಕ್ರದ ಕೆಳಗೆ ಅಲೆಯಂತೆ ಹರಿಯುವ ನದಿ: ಪ್ಲಾಟ್ ವ್ಯಾಲಿ ಅಂಡ್ ಪೆಸಿಫಿಕ್. ಅಷ್ಟುದ್ದ ಯಾರೂ ಹೇಳುತ್ತಿರಲಿಲ್ಲ. ವ್ಯಾಲಿ ಅಂದರೆ ಸಾಕಿತ್ತು.

ಆ ವ್ಯಾಲಿ ಈಗ ಇರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಅದನ್ನೂ ದಕ್ಷಿಣದ ಇನ್ನೊಂದು ಕಂಪನಿಯನ್ನೂ ಸೇರಿಸಿ ಆರ್ವಾಂಟ ಎಂದು ಹೆಸರಿಟ್ಟಿದ್ದರು. ಡ್ವೇನ್ ಸತ್ತದ್ದು ಅದಾದ ಮೇಲಿನ ಚಳಿಗಾಲದಲ್ಲಿ.

"ವ್ಯಾಲಿ ಗುರಾಣೀನೇ ಹಾಕ್ಸೋದು. ಅದ್ರಲ್ಲಿ ಕೇಳೋದೇನಿದೆ?" ಎಂದ ಲೈಲ್. "ಜೀವಮಾನ ಎಲ್ಲ ವ್ಯಾಲಿಗೆ ದುಡಿದೋನು ಅವ್ನು."

"ಮತ್ತಿನ್ನೇನು, ಆರ್ವಾಂಟ ಅಂತ ಕೆತ್ತಿಸ್ತೀಯಾ?" ಎಂದ ಕಾಫಿ ಸುರಿದುಕೊಳ್ಳುತ್ತಿದ್ದ ಒಬ್ಬ. "ನಮ್ಮಮ್ಮ ಬಿಪಿಗೆ ಅದನ್ನೇ ನುಂಗ್ತಾಳೆ. ದಿನಾ ಊಟ ಆದ್ಮೇಲೆ ಒಂದು."

"ತಪ್ಪು ಕಣಯ್ಯ. ನಮ್ಮ ಹೆಂಡ್ತಿ ಹೇಳಿದ್ಲು, ಅದು ಹೊಸ ಮಾಡೆಲ್ ಕಾರಂತೆ."

ನಕ್ಕರು. ಸತ್ತವನ ಮನೆಯ ಊಟದಲ್ಲಿ ನಗಬಾರದೆಂದು ಅಲ್ಲಿ ಯಾರಿಗೂ ಅನಿಸಿರಲಿಲ್ಲ. ಡ್ವೇನ್ ಇದ್ದಿದ್ದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಅವನ ಹೆಂಡತಿ ಆರ್ಲೀನ್ ನಗಲಿಲ್ಲ. "ಪೆಸಿಫಿಕ್ ಯಾರಾದ್ರೂ ನೋಡಿದ್ದೀರಾ?" ಎಂದು ಕೇಳಿದಳು.

ಎಲ್ಲರೂ ಅವಳ ಕಡೆ ತಿರುಗಿದರು.

"ಹೆಸರಲ್ಲಿ ಪೆಸಿಫಿಕ್ ಇತ್ತಲ್ಲ, ಸಮುದ್ರ. ನಮ್ಮ ಹಳಿ ವಯೋಮಿಂಗ್‌ನಲ್ಲಿ ಯಾವನದೋ ಕುರಿ ಬೇಲಿ ಹತ್ರ ಮುಗೀತಿತ್ತು. ಆ ಹೆಸರೂ ಸುಳ್ಳೇ. ಕಲ್ಲಿನ ಮೇಲೆ ಆರ್ವಾಂಟ ಅಂತ ಕೆತ್ಸಿ."

ಅವಳಿಗೆ ತಲೆ ಕೆಟ್ಟಿದೆ, ಎರಡು ದಿನ ಬಿಟ್ಟು ಮಾತಾಡಿದರಾಯಿತು ಅಂದುಕೊಂಡು ಲೈಲ್ ಅವಳ ಭುಜ ತಟ್ಟಿದ. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಸ್ಯಾಂಡ್‌ವಿಚ್ ಖಾಲಿಯಾಯಿತು. ಹೆಂಗಸರು ಮಿಕ್ಕ ಕೊಲಾಚಿ ಎಂಬ ಸಿಹಿ ಬನ್ನುಗಳನ್ನು ಡಬ್ಬಿಗೆ ತುಂಬಿ ಅವಳ ಕಾರಿನಲ್ಲಿಟ್ಟರು.

ಆರ್ಲೀನ್‌ಗೆ ತಲೆ ಕೆಟ್ಟಿರಲಿಲ್ಲ. ಮುಂದಿನ ಸೋಮವಾರ ಅವಳು ಕೆಲಸಕ್ಕೆ ಹೋದಳು. ಎಂಜಿನ್‌ಗಳಿಗೆ ಬಣ್ಣ ಬಳಿಯುವ ಶೆಡ್ಡಿನಲ್ಲಿ ಅವಳ ಕೆಲಸ. ವಿಲೀನ ಆದಾಗಿನಿಂದ ಇಡೀ ಎಂಜಿನ್‌ಗೆ ಹೊಸ ಬಣ್ಣ ಹೊಡೆಯುವ ಪುರುಸೊತ್ತು ಕಂಪನಿಗಿರಲಿಲ್ಲ. ಹಳೆಯ ಹೆಸರಿದ್ದ ಜಾಗವನ್ನಷ್ಟೇ ಉಜ್ಜಿ, ಸುತ್ತ ಟೇಪು ಅಂಟಿಸಿ, ಬೂದು ಬಣ್ಣದ ಒಂದು ತೇಪೆ ಹಾಕಿ, ಒಣಗಿದ ಮೇಲೆ ಅಚ್ಚಿಟ್ಟು ಹೊಸ ಹೆಸರು ಹೊಡೆಯುವುದು. ಕಿತ್ತಳೆ ಬಣ್ಣದ ಮೈಮೇಲೆ ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ ಕಾಣುತ್ತಿತ್ತು. ಚೆನ್ನಾಗಿ ಉಜ್ಜದಿದ್ದರೆ ಎಳೆಬಿಸಿಲಿನಲ್ಲಿ ಓರೆಯಾಗಿ ನೋಡಿದಾಗ ಕೆಳಗಿನ ಹಳೆಯ ಹಸಿರು ಅಕ್ಷರಗಳು ಏಳುತ್ತಿದ್ದವು. ಮೊದಮೊದಲು ಅವಳು ಬೇಕೆಂದೇ ಸರಿಯಾಗಿ ಉಜ್ಜುತ್ತಿರಲಿಲ್ಲ. ಡ್ವೇನ್ ಅದನ್ನು ಕಂಡುಹಿಡಿದು, "ನಿನ್ನ ಕೆಲಸ ಕಂಪನಿಗೆ ಗೊತ್ತಾದ್ರೆ ಮನೆಗೆ ಕಳಿಸ್ತಾರೆ ನೋಡು" ಎಂದು ಯಾರ್ಡಿನಿಂದ ಕೂಗಿ ಹೇಳಿದ್ದ.

ಈಗ ಚೆನ್ನಾಗಿ ಉಜ್ಜಿದಳು.

ಡ್ವೇನ್ ಯಾರ್ಡಿನಲ್ಲಿ ವ್ಯಾಗನ್‌ಗಳನ್ನು ಜೋಡಿಸುವವನು. ವ್ಯಾಲಿಯ ಕಾಲದಲ್ಲಿ ಆ ಕೆಲಸಕ್ಕೆ ಇಬ್ಬರು ಹೋಗುತ್ತಿದ್ದರು. ಒಬ್ಬ ಎಂಜಿನ್ ನಡೆಸಿದರೆ, ಇನ್ನೊಬ್ಬ ನೆಲದ ಮೇಲೆ ನಿಂತು ಕೊಂಡಿ ನೋಡುತ್ತಿದ್ದ. ಆರ್ವಾಂಟ ಬಂದ ಮೇಲೆ ಎಂಜಿನ್ ನಡೆಸುವವನನ್ನು ತೆಗೆದುಹಾಕಿದರು. ನೆಲದ ಮೇಲಿದ್ದವನ ಎದೆಗೇ ರಿಮೋಟ್ ಪೆಟ್ಟಿಗೆ ಕಟ್ಟಿದರು. ಎಂಜಿನ್ ಅವನ ಬೆರಳ ತುದಿಯಲ್ಲಿ ಓಡಬೇಕು, ಕೊಂಡಿಯೂ ಅವನೇ ನೋಡಬೇಕು. ಹಿಮ ಬೀಳುತ್ತಿದ್ದ ಮಧ್ಯಾಹ್ನ ಡ್ವೇನ್ ಓರೆಯಾಗಿದ್ದ ಕೊಂಡಿಯನ್ನು ಸರಿಮಾಡಲು ಎರಡು ವ್ಯಾಗನ್‌ಗಳ ನಡುವೆ ಹೋದ. ಇಳಿಜಾರಿನಲ್ಲಿದ್ದ ವ್ಯಾಗನ್‌ಗಳು ತಾವಾಗಿಯೇ ಉರುಳಿದವು. ಹುಷಾರು ಎಂದು ಕೂಗಲು ಎರಡನೆಯವನಿರಲಿಲ್ಲ. ವ್ಯಾಗನ್ ಸಾಲು ಯಾಕೆ ನಿಂತಿದೆ ಎಂದು ಬಹಳ ಹೊತ್ತಾದ ಮೇಲೆ ಯಾರೋ ಹೋಗಿ ನೋಡಿದರು.

ಕಂಪನಿಯ ತನಿಖೆ ಬೇಗ ಮುಗಿಯಿತು: ನೌಕರನು ನಿಯಮ ಮೀರಿ ವ್ಯಾಗನ್‌ಗಳ ನಡುವೆ ಹೋದನು.

ಲೈಲ್ ಬುಧವಾರ ಶೆಡ್ಡಿಗೆ ಬಂದ. ಆರ್ಲೀನ್ ಏಣಿಯ ಮೇಲೆ ನಿಂತು ಟೇಪು ಕೀಳುತ್ತಿದ್ದಳು.

"ಕೆಳಗಿಳಿ ಸ್ವಲ್ಪ."

"ಅಲ್ಲಿಂದ್ಲೇ ಹೇಳು. ಕಿವಿ ಕೇಳ್ಸುತ್ತೆ."

"ಕಲ್ಲು ಕೆತ್ತೋ ಮಿಲೋಗೆ ಹೇಳ್ಬೇಕು. ಹುಡುಗ್ರೆಲ್ಲ ಬೇಜಾರಾಗಿದಾರೆ. ಡ್ವೇನ್ ಸೊಂಟದ ಮೇಲೆ ವ್ಯಾಲಿ ಬೆಲ್ಟ್ ಬಕಲ್ ಇತ್ತು ಕಣೇ, ಸಾಯೋವಾಗ್ಲೂ. ನಾನೇ ಬಿಚ್ಚಿ ಕೊಟ್ಟೆ ನಿಂಗೆ."

"ಬಕಲ್ ಅವ್ನನ್ನ ಕೊಲ್ಲಲಿಲ್ಲ."

"ಆರ್ವಾಂಟ ಅಂತ ಕೆತ್ಸಿದ್ರೆ ಅವ್ರಿಗೆ ಮರ್ಯಾದೆ ಮಾಡ್ದಂಗೆ ಆಗುತ್ತೆ. ನಮ್ಮ ಸಾಲಲ್ಲಿ ಆ ಮಾತ್ರೆ ಹೆಸರು? ನಾನು ಬದುಕಿರೋವರ್ಗೂ ಆಗಲ್ಲ."

"ಮರ್ಯಾದೆನಾ?" ಆರ್ಲೀನ್ ಏಣಿ ಇಳಿದಳು. "ಕೇಳು. ನಮ್ಮಪ್ಪನ ಕೈ ಹೋಯ್ತಲ್ಲ, ವ್ಯಾಲಿ ಏನು ಕೊಡ್ತು? ಗೋಡೆ ಗಡಿಯಾರ. ನಮ್ಮಮ್ಮ ಬಸ್ಸು ಹತ್ತಿ ಒಮಾಹಾಗೆ ಹೋದ್ಲು. ವ್ಯಾಲಿ ಆಫೀಸು ಅಲ್ಲಿತ್ತು. ಬಾಗಿಲ ಮೇಲೆ ಕಲ್ಲಲ್ಲೇ ಹೆಸರು. ಮೆಟ್ಟಿಲ ಮೇಲೆ ಮೂರು ದಿನ ಕೂತು ಬೈದ್ಲು. ಒಬ್ಬ ಹೊರಗೆ ಬಂದು ಬೈಸ್ಕೊಂಡ. ಸಿಕ್ಕಿದ್ದು ಅಷ್ಟೆ, ಆದ್ರೆ ಬೈಯೋಕೆ ಒಂದು ಬಾಗಿಲಿತ್ತು. ಆರ್ವಾಂಟಗೆ ಎಲ್ಲಿದೆ ಬಾಗಿಲು? ಫೋನ್ ಮಾಡಿದ್ರೆ ಹಾಡು ಹಾಕ್ತಾರೆ."

"ಅದಕ್ಕೂ ಕಲ್ಲಿಗೂ ಏನು ಸಂಬಂಧ?"

"ಇಡೀ ದಿನ ನಾನು ಇಲ್ಲಿ ಮಾಡೋದೇನು ಲೈಲ್? ಹೆಸರು ಅಳಿಸ್ತೀನಿ. ಎಷ್ಟು ಸುಲಭ ಅಂತ ನಂಗೊತ್ತು. ಆರ್ವಾಂಟ ಅಂತ ಯಾರೂ ಒಂದು ಊರಿಗೆ ಹೆಸರಿಟ್ಟಿಲ್ಲ, ಒಂದು ನದಿಗಿಟ್ಟಿಲ್ಲ. ನಾಳೆ ಬಿಟ್ಟು ಹೋಗೋಕೆ ಅಂತ್ಲೇ ಇಟ್ಕೊಂಡಿರೋ ಹೆಸರು ಅದು. ಬಿಟ್ಟು ಹೋದ್ಮೇಲೆ ಡ್ವೇನ್‌ನ ಕೊಂದಿದ್ದು ಯಾರು ಅಂದ್ರೆ ಯಾರನ್ನ ತೋರಿಸ್ಲಿ? ಕಲ್ಲಿನ ಮೇಲೆ ವ್ಯಾಲಿ ಅಂತಿದ್ರೆ ವ್ಯಾಲಿ ಕೊಂದ ಹಾಗಾಗುತ್ತೆ."

ಲೈಲ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಅವನಿಗೆ ಅರ್ಥವಾಯಿತೋ ಇಲ್ಲವೋ, ಒಪ್ಪಿಗೆಯಂತೂ ಆಗಲಿಲ್ಲ. "ಹಾಗಾದ್ರೆ ಸಂಘ ಕಲ್ಲು ಹಾಕ್ಸಲ್ಲ," ಎಂದ.

"ಬೇಡ ಬಿಡು. ನಾನೇ ಹಾಕ್ಸ್ಕೋತೀನಿ."

ಅಂದಿನಿಂದ ಊಟದ ಕೋಣೆಯಲ್ಲಿ ಅವಳ ಮೇಜಿಗೆ ಯಾರೂ ಬರಲಿಲ್ಲ. ಎದುರು ಸಿಕ್ಕವರು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಗಂಡ ಸತ್ತದ್ದಕ್ಕೆ ಬಂದ ಕನಿಕರ ಒಂದು ಕಲ್ಲಿನ ಜಗಳದಲ್ಲಿ ಖರ್ಚಾಗಿ ಹೋಯಿತು. ಆರ್ಲೀನ್ ಮನೆಯಿಂದ ತಂದ ಡಬ್ಬಿಯನ್ನು ಶೆಡ್ಡಿನಲ್ಲೇ, ಬಣ್ಣದ ವಾಸನೆಯಲ್ಲೇ ಬಿಚ್ಚಿ ತಿನ್ನತೊಡಗಿದಳು. ಮನೆಯಲ್ಲಿ ಡ್ವೇನ್‌ನ ಬೂಟುಗಳು ಬಾಗಿಲ ಬಳಿ ಹಾಗೇ ಇದ್ದವು. ಅವನ್ನು ಎತ್ತಿಡಲು ಅವಳಿಗೆ ಮನಸ್ಸಿಲ್ಲ ಎಂದೇನಲ್ಲ, ಎಲ್ಲಿಡುವುದೆಂದು ತೋಚಲಿಲ್ಲ.

ಕಲ್ಲು ಕೆತ್ತುವ ಮಿಲೋ ಯಾನಾಕ್ ಮುದುಕ. ಅವಳ ಮಾತು ಕೇಳಿ, "ನೀನು ಹೇಳಿದ್ದು ಕೆತ್ತೋದು ನನ್ನ ಕೆಲ್ಸ," ಎಂದ. "ಆದ್ರೆ ನೆಲ ಹೆಪ್ಪುಗಟ್ಟಿದೆ. ಮೇ ತಿಂಗಳ ತನಕ ಕಲ್ಲು ನಿಲ್ಸೋಕಾಗಲ್ಲ. ಲಾಂಛನ ಏನು ಹಾಕ್ಲಿ?"

ಆರ್ವಾಂಟದ ಲಾಂಛನವೆಂದರೆ ಒಂದು ನೀಲಿ ಸುಳಿ. ಏನೆಂದು ಯಾರಿಗೂ ಗೊತ್ತಿರಲಿಲ್ಲ. ಅಚ್ಚು ಅವಳ ಕೈಯಲ್ಲೇ ಇತ್ತು. ಅದರ ಒಂದು ನಕಲು ತೆಗೆದು ಮಿಲೋಗೆ ಕೊಟ್ಟಳು.

ಸುದ್ದಿ ಹೇಗೆ ಹೋಯಿತೋ, ಯಾರು ಹೇಳಿದರೋ, ಮಾರ್ಚಿನಲ್ಲಿ ಯಾರ್ಡಿನ ಮೇಲ್ವಿಚಾರಕ ಬ್ರೆಂಟ್ ಹ್ಯಾಲರನ್ ಅವಳನ್ನು ಆಫೀಸಿಗೆ ಕರೆಸಿದ. ಅಟ್ಲಾಂಟಾದಿಂದ ಬಂದ ಚಿಕ್ಕ ವಯಸ್ಸಿನವನು. ಬೂಟು ಇನ್ನೂ ಹೊಸದಾಗಿಯೇ ಇತ್ತು.

"ಕೂತ್ಕೊಳ್ಳಿ ಆರ್ಲೀನ್. ಕಾಫಿ?"

"ಬೇಡ."

"ನಿಮ್ಮ ದುಃಖ ನಮಗೆ ಅರ್ಥ ಆಗುತ್ತೆ. ಇಡೀ ಆರ್ವಾಂಟ ಕುಟುಂಬಕ್ಕೆ ಅರ್ಥ ಆಗುತ್ತೆ. ಆದ್ರೆ ಕಂಪನಿ ಗುರುತನ್ನ ಹೊರಗೆ ಎಲ್ಲಾದ್ರೂ ಹಾಕ್ಬೇಕಾದ್ರೆ ಅನುಮತಿ ಬೇಕು. ಸಮಾಧಿ ಮೇಲೆ ಅಂದ್ರೆ... ಮೇಲಿನವರು ಒಪ್ಪಲ್ಲ. ಒಳ್ಳೇದಾಗಿ ಕಾಣಲ್ಲ."

"ಯಾರಿಗೆ?"

ಅವನು ಕುರ್ಚಿಯನ್ನು ಹತ್ತಿರ ಎಳೆದುಕೊಂಡ. "ನನ್ನ ಹತ್ರ ಇನ್ನೂ ಒಳ್ಳೇ ಯೋಚನೆ ಇದೆ. ನಿಮ್ಮ ಸಂಘದೋರು ವ್ಯಾಲಿ ಗುರಾಣಿ ಹಾಕ್ಸೋಣ ಅಂತಿದ್ರಂತೆ. ಅದಕ್ಕೆ ನಮ್ಮ ಪೂರ್ತಿ ಒಪ್ಪಿಗೆ. ವ್ಯಾಲಿ ಹೆಸರು ಈಗ ನಮ್ದೇ ಆಸ್ತಿ, ಸುಮ್ನೆ ಕೊಡ್ತೀವಿ. ಅಷ್ಟೇ ಅಲ್ಲ, ಒಂದು ಎಂಜಿನ್‌ಗೆ ಪೂರ್ತಿ ವ್ಯಾಲಿ ಬಣ್ಣ ಹೊಡೆಸ್ತೀವಿ, ಕಿಟಕಿ ಕೆಳಗೆ ಡ್ವೇನ್ ಹೆಸರು. ಊರೋರೆಲ್ಲ ಬಂದು ಫೋಟೋ ತಗೋಬಹುದು. ನೀವೇ ಹೊಡೀರಿ ಬಣ್ಣಾನ. ಡ್ವೇನ್ ವ್ಯಾಲಿ ಮನುಷ್ಯ ಆಗಿದ್ದ. ವ್ಯಾಲಿ ಮನುಷ್ಯನಾಗೇ ಇರ್ಲಿ."

ಆರ್ಲೀನ್ ಅವನ ಮುಖ ನೋಡಿದಳು. ಅದರಲ್ಲಿ ಕೆಟ್ಟತನವೇನೂ ಕಾಣಲಿಲ್ಲ. ತಾನು ದೊಡ್ಡ ಉಪಕಾರ ಮಾಡುತ್ತಿದ್ದೇನೆಂದೇ ಅವನು ನಂಬಿದ್ದ.

"ಎಂಜಿನ್‌ಗೆ ಬಣ್ಣ ಹೊಡಿ ಅಂದ್ರೆ ಹೊಡೀತೀನಿ, ಸಂಬಳ ತಗೋತೀನಲ್ಲ," ಎಂದಳು. "ಅವ್ನ ಹೆಸರು ಮಾತ್ರ ಬರಿಯಲ್ಲ. ಕಲ್ಲಿನ ಮೇಲೆ ನಿಮ್ಮ ಸುಳಿನೂ ಬೇಡ. ಬರೀ ಅಕ್ಷರ ಸಾಕು. ಅದಕ್ಕೂ ಅನುಮತಿ ಬೇಕಾದ್ರೆ ಕೋರ್ಟಿಗೆ ಕರೀರಿ. ಅಲ್ಲಾದ್ರೂ ಒಂದು ಬಾಗಿಲಿರುತ್ತೆ."

ಅಲ್ಲಿಂದ ನೇರ ಊಟದ ಕೋಣೆಗೆ ಹೋದಳು. ಲೈಲ್ ಮತ್ತು ಇತರರು ಎಲೆಕೋಸು, ಮಾಂಸ ತುಂಬಿದ ರಂಝಾ ಬನ್ನು ತಿನ್ನುತ್ತಿದ್ದರು. ಎಲೆಕೋಸಿನ ವಾಸನೆ ಕೋಣೆ ತುಂಬಿತ್ತು. ಬಾಗಿಲಲ್ಲೇ ನಿಂತು ಬ್ರೆಂಟ್ ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು.

"ಗುರಾಣಿ ಅವ್ರ ಆಸ್ತಿ ಅಂದ್ನಾ?" ಲೈಲ್ ಕೇಳಿದ.

"ಸುಮ್ನೆ ಕೊಡ್ತಾರಂತೆ."

"ಡ್ವೇನ್ ವ್ಯಾಲಿ ಮನುಷ್ಯನಾಗೇ ಇರ್ಲಿ ಅಂದ್ನಾ?"

"ಅದೇ ಮಾತು. ನೀನು ಹೇಳಿದ್ದೂ ಅದೇ ಅಲ್ವಾ?"

ಲೈಲ್‌ನ ಕತ್ತು ಕೆಂಪಾಯಿತು. ಕೈಲಿದ್ದುದನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟ. "ಆ ಮಾತ್ರೆ ನನ್ ಮಕ್ಳು," ಎಂದ. ಆಮೇಲೆ, "ಮಿಲೋಗೆ ಹೇಳು, ಕಲ್ಲು ಸಂಘದ್ದೇ. ನೀನು ಹೇಳಿದ್ದೇ ಕೆತ್ಲಿ," ಎಂದ. ಕ್ಷಮೆ ಕೇಳಲಿಲ್ಲ. ಆರ್ಲೀನ್ ಕೂಡ ಅದನ್ನು ಬಯಸಿರಲಿಲ್ಲ. ಒಂದು ಕುರ್ಚಿ ಎಳೆದುಕೊಂಡು ಕೂತಳು.

ವ್ಯಾಲಿ ಬಣ್ಣದ ಎಂಜಿನ್ ಬರಲೇ ಇಲ್ಲ. ಏಪ್ರಿಲ್ ಕೊನೆಯಲ್ಲಿ ಇನ್ನೊಂದು ಸುದ್ದಿ ಬಂತು. ಆರ್ವಾಂಟ ಇನ್ನೂ ದೊಡ್ಡದೊಂದರಲ್ಲಿ ಸೇರಿಹೋಗಿತ್ತು. ಹೊಸ ಹೆಸರು ಟೆರಿಯಾನ್. ಬ್ರೆಂಟ್‌ನನ್ನು ಬೇರೆ ಕಡೆಗೆ ಹಾಕಿದರು. ಒಂದು ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ಹೊಸ ಅಚ್ಚುಗಳ ಪೆಟ್ಟಿಗೆ ಬಂದು ಕೂತಿತ್ತು.

ಮಿಲೋ ಫೋನ್ ಮಾಡಿದ. "ಇನ್ನೂ ಕೆತ್ತಿಲ್ಲ ಕಣಮ್ಮ. ಹೆಸರು ಬದ್ಲಾಗಿದ್ಯಂತಲ್ಲ. ಯಾವ್ದು ಹಾಕ್ಲಿ?"

"ಸಾಯ್ಸಿದಾಗ ಇದ್ದಿದ್ದು," ಎಂದಳು ಆರ್ಲೀನ್. "ಆಳವಾಗಿ ಕೆತ್ತಿ."

ಆ ವಾರವಿಡೀ ಅವಳು ತಾನೇ ಹೊಡೆದ ಆರ್ವಾಂಟವನ್ನು ಉಜ್ಜಿ ತೆಗೆದಳು. ತೇಪೆಯ ಮೇಲೆ ತೇಪೆ. ಬಹಳ ಕಡೆ ಕೆಳಗಿನ ವ್ಯಾಲಿಯೂ ಒಟ್ಟಿಗೇ ಎದ್ದು ಬಂತು, ಹಸಿರು ಪುಡಿಯಾಗಿ, ನೀಲಿ ಪುಡಿಯೊಂದಿಗೆ ಬೆರೆತು. ಸಂಜೆ ಮೂಗು ಒರೆಸಿಕೊಂಡರೆ ಕರವಸ್ತ್ರದ ಮೇಲೆ ಎರಡೂ ಬರುತ್ತಿದ್ದವು.

ಮೇ ಕೊನೆಯಲ್ಲಿ, ಊರವರೆಲ್ಲ ಸಮಾಧಿಗಳಿಗೆ ಹೂವಿಡಲು ಬರುವ ಮೆಮೋರಿಯಲ್ ದಿನಕ್ಕೆ ಮೊದಲು ಕಲ್ಲು ನಿಂತಿತು. ಲೈಲ್ ಮತ್ತು ಇನ್ನಿಬ್ಬರು ಗುದ್ದಲಿ ಹಿಡಿದು ಬಂದಿದ್ದರು. ಗುರಾಣಿಗಳ ಸಾಲಿನ ಕೊನೆಯಲ್ಲಿ ಅದೊಂದೇ ನೆತ್ತಿ ಬೋಳಾದ ಕಲ್ಲು. ಡ್ವೇನ್ ಪೆಸೆಕ್. ಹುಟ್ಟಿದ ದಿನ, ಸತ್ತ ದಿನ. ಕೆಳಗೆ ಒಂದೇ ಸಾಲು: ಆರ್ವಾಂಟದ ಕೆಲಸದಲ್ಲಿ ಸತ್ತನು. ಅವಳು ಹೇಳಿದ ಹಾಗೇ ಮಿಲೋ ಆಳವಾಗಿ ಕೆತ್ತಿದ್ದ. ಆರ್ಲೀನ್ ಬೆರಳಿಟ್ಟು ನೋಡಿದಳು. ಉಗುರು ಮುಳುಗುತ್ತಿತ್ತು. ಇದನ್ನು ಉಜ್ಜಿ ತೆಗೆಯಲು ಯಾರಿಂದಲೂ ಆಗುವುದಿಲ್ಲ ಅಂದುಕೊಂಡಳು. ಖುಷಿಯೇನೂ ಆಗಲಿಲ್ಲ.

ಮೆಮೋರಿಯಲ್ ದಿನ ಪಕ್ಕದ ಸಮಾಧಿಗೆ ಬಂದಿದ್ದ ಪರವೂರಿನ ಹೆಂಗಸೊಬ್ಬಳು ಹೂವಿನ ಕುಂಡ ಕೆಳಗಿಟ್ಟು ಕಲ್ಲನ್ನು ಎರಡು ಸಲ ಓದಿದಳು.

"ನಿಮ್ಮ ಯಜಮಾನ್ರಾ?"

"ಹೌದು."

"ಆರ್ವಾಂಟ ಅಂದ್ರೆ?" ಕೇಳಲೋ ಬೇಡವೋ ಎಂದು ತಡೆದಳು. "ಆಸ್ಪತ್ರೆನಾ? ಔಷಧಿ ಕಂಪನಿನಾ?"

ಬೇಲಿಯಾಚೆ ಹಳಿಯ ಮೇಲೆ ಖಾಲಿ ಕಲ್ಲಿದ್ದಲು ವ್ಯಾಗನ್‌ಗಳು ಪಶ್ಚಿಮಕ್ಕೆ ಹೋಗುತ್ತಿದ್ದವು. ಮುಂದಿನ ಎಂಜಿನ್ನಿನ ತೇಪೆಯ ಮೇಲೆ ಟೆರಿಯಾನ್ ಎಂದಿತ್ತು, ಆರ್ಲೀನ್‌ಳ ಕೈಯದೇ.

"ರೈಲ್ವೆ ಕಂಪನಿ," ಎಂದಳು ಆರ್ಲೀನ್.

"ಹೌದಾ? ಹೆಸರು ಕೇಳಿದ್ರೆ ಹಾಗನ್ಸಲ್ಲ."

"ಅನ್ಸಲ್ಲ. ಅದಕ್ಕೇ ಅವ್ರು ಆ ಹೆಸರಿಟ್ಕೊಂಡಿದ್ದು."

ಹೆಂಗಸು ಹೂಂ ಎಂದು ತಲೆಯಾಡಿಸಿ ತನ್ನ ಕುಂಡಕ್ಕೆ ನೀರು ಹಾಕಲು ಹೋದಳು.