ಕಾಲರ್ ಅಚ್ಚಾದ ಸ್ಕ್ಯಾನ್ ಫಿಲ್ಮು

ಮಗು ಬಿದ್ದರೆ ಮನೆಯವರೆಲ್ಲ ಡಾಕ್ಟರಾಗುತ್ತಾರೆ. ಟೈಲರಣ್ಣನ ಮನೆಯಲ್ಲೂ ಹಾಗೇ ಆಯಿತು. ಅವನ ಆರು ವರ್ಷದ ಮಗಳನ್ನು ಎಲ್ಲರೂ ಬುಗುರಿ ಎಂದೇ ಕರೆಯುವುದು. ಬೆಳಿಗ್ಗೆ ಜಾರುಬಂಡೆಯಿಂದ ಬಿದ್ದು ಹಣೆ ಊದಿಸಿಕೊಂಡಿದ್ದಳು. ಡಾಕ್ಟರು ಕಣ್ಣಿಗೆ ಟಾರ್ಚ್ ಬಿಟ್ಟು, ನಡೆಸಿ, ಮಾತಾಡಿಸಿ ನೋಡಿ, "ಸ್ಕ್ಯಾನ್ ಬೇಡ, ನಾಳೆವರೆಗೆ ಗಮನಿಸಿ" ಎಂದು ಕಳಿಸಿದ್ದರು. ಅಪ್ಪನಿಗೆ ಸಮಾಧಾನವಿರಲಿಲ್ಲ.

ಆಸ್ಪತ್ರೆಯ ಸ್ಕ್ಯಾನ್ ಕೋಣೆಯಲ್ಲಿ ಕೆಲಸ ಮಾಡುವ ಎದುರುಮನೆಯ ಹುಡುಗಿ ತನ್ನ ಬಿಳಿ ಕೋಟಿಗೆ ಗುಂಡಿ ಹಾಕಿಸಲು ಅಂಗಡಿಗೆ ಬಂದಳು.

"ಒಳ್ಳೆ ಹೊತ್ತಿಗೆ ಬಂದೆ ತಂಗಿ. ಇವಳಿಗೊಂದು ಸಿ.ಟಿ. ಸ್ಕ್ಯಾನ್ ಮಾಡ್ಸಿಕೊಡು. ಆ ಡಾಕ್ಟ್ರು ಬರೀ ಟಾರ್ಚ್ ಬಿಟ್ಟು ಕಳಿಸಿದ್ರು. ಟಾರ್ಚು ನಮ್ಮನೇಲೂ ಇದೆ!"

"ಟಾರ್ಚ್ ಇದ್ದೋರೆಲ್ಲ ಡಾಕ್ಟ್ರಾದ್ರೆ, ಕತ್ತರಿ ಇದ್ದೋರೆಲ್ಲ ಟೈಲರ್ ಆಗ್ಬೇಕಿತ್ತಲ್ಲಣ್ಣ? ಬುಗುರಿಗೆ ವಾಂತಿ ಆಯ್ತಾ? ಎಚ್ಚರ ತಪ್ತಾ?"

"ಎಲ್ಲಿಂದ! ಅಲ್ನೋಡು, ಕುಂಟಾಬಿಲ್ಲೆ ಆಡ್ತಿದಾಳೆ."

"ಮತ್ಯಾಕೆ ಸ್ಕ್ಯಾನು?"

"ಫೋಟೊ ತಾನೇ? ತೆಗೆಸಿದ್ರೆ ಮೈ ಸವೆದುಹೋಗುತ್ತಾ?"

"ಬರೀ ಫೋಟೊ ಅಲ್ಲಣ್ಣ. ಎಕ್ಸ್‌ರೇ ಕಿರಣದಿಂದ ತೆಗೆಯೋದು. ಎದೆ ಎಕ್ಸ್‌ರೇಗಿಂತ ಎಷ್ಟೋ ಪಟ್ಟು ಜಾಸ್ತಿ ಕಿರಣ ಮೈಗೆ ಹೋಗುತ್ತೆ. ಮಕ್ಕಳ ಮೈ ಎಳೇದು, ಮುಂದೆ ಬಾಳೋ ವರ್ಷಾನೂ ಜಾಸ್ತಿ. ಎಷ್ಟೋ ವರ್ಷ ಆದ್ಮೇಲೆ ಕ್ಯಾನ್ಸರ್ ಬರೋ ಸಾಧ್ಯತೆ ಒಂದು ಚೂರು ಹೆಚ್ಚುತ್ತೆ. ಒಂದು ಸ್ಕ್ಯಾನಿಂದ ಅದು ತೀರಾ ಕಮ್ಮಿ. ಆದ್ರೆ ಮಾಡಿಸಿದಷ್ಟೂ ಕೂಡ್ತಾ ಹೋಗುತ್ತೆ. ಮೊದಲು ಯಾವಾಗ್ಲಾದ್ರೂ ಮಾಡ್ಸಿದ್ರಾ?"

ಹೊಲಿಗೆ ಯಂತ್ರ ತುಳಿಯುತ್ತಿದ್ದ ಹೆಂಡತಿ ಕಾಲು ನಿಲ್ಲಿಸಿದಳು. "ಎರಡು ಸಲ. ಹೋದ ವರ್ಷ ಮೆಟ್ಟಿಲಿಂದ ಬಿದ್ದು ಎಚ್ಚರ ತಪ್ಪಿದಾಗ ಒಂದು. ತಿಂಗಳಾದ್ಮೇಲೆ ತಲೆನೋವು ಅಂತ ಬೇರೆ ಆಸ್ಪತ್ರೆಗೆ ಹೋದ್ವಿ. ಅಲ್ಲಿ ಹಳೇ ಫಿಲ್ಮ್ ಕೇಳಿದ್ರು..."

"ಕೊಟ್ರಾ ಅತ್ತಿಗೆ?"

ಅವಳು ಗಂಡನ ಮುಖ ನೋಡಿದಳು. ಟೈಲರಣ್ಣ ಮೇಜಿನ ಮೇಲಿದ್ದ ಕಾಲರ್ ಅಚ್ಚನ್ನು ಎತ್ತಿ ಬೆಳಕಿಗೆ ಹಿಡಿದ. ಕಪ್ಪು ಹಾಳೆಯಲ್ಲಿ ಪುಟ್ಟ ತಲೆಬುರುಡೆಯ ಅರ್ಧ ಕಾಣಿಸಿತು.

"ಗಟ್ಟಿ ಹಾಳೆ, ಬಟ್ಟೆ ಮೇಲೆ ಗೆರೆ ಎಳೆಯೋಕೆ ಚೆನ್ನಾಗಿದೆ ಅಂತ ನಾನೇ ಕತ್ತರಿಸಿದ್ದೆ. ಹೇಳೋಕೆ ನಾಚಿಕೆಯಾಯ್ತು. ಮೊದಲು ಸ್ಕ್ಯಾನ್ ಮಾಡ್ಸೇ ಇಲ್ಲ ಅಂದುಬಿಟ್ಟೆ. ಅವರು ಇನ್ನೊಂದು ಮಾಡಿದ್ರು."

ಹುಡುಗಿ ಆ ಅಚ್ಚನ್ನು ಅವನ ಕೈಯಿಂದ ತೆಗೆದುಕೊಂಡು ನೋಡಿದಳು.

"ಮೊದಲನೇದು ಬೇಕೇ ಬೇಕಿತ್ತಣ್ಣ, ಅದಕ್ಕೆ ಕೊರಗಬೇಡಿ. ಎರಡನೇದು... ಹಳೇದು ನೋಡಿದ್ರೆ ಬೇಡ ಅಂತಿದ್ರೋ ಏನೋ."

"ಹೊಲಿಗೆ ತಪ್ಪಿದ್ರೆ ಬಿಚ್ಚಿ ಮತ್ತೆ ಹೊಲೀತೀನಿ. ಇದನ್ನ ಹೇಗೆ ಬಿಚ್ಲಿ ತಂಗಿ?"

"ಬಿಚ್ಚೋಕಾಗಲ್ಲ ಅಣ್ಣ. ಹಾಗಂತ ಹೆದರಿಕೊಂಡೂ ಕೂರಬೇಡಿ. ಇಷ್ಟರಿಂದ ಏನೂ ಆಗದೇ ಇರೋ ಮಕ್ಕಳೇ ಬಹಳ. ಸುಮ್ಸುಮ್ನೆ ಮೂರನೇದು ಬೇಡ, ಅಷ್ಟೆ. ವಾಂತಿ, ಮಂಪರು ಬಂದ್ರೆ, ತಲೆನೋವು ಜೋರಾದ್ರೆ ತಕ್ಷಣ ಕರ್ಕೊಂಡು ಬನ್ನಿ. ಆಗ ಡಾಕ್ಟ್ರು ಸ್ಕ್ಯಾನ್ ಅಂದ್ರೆ ಹಿಂದೆಮುಂದೆ ನೋಡಬೇಡಿ."

ಅಂದು ಟೈಲರಣ್ಣ ಮಗಳ ಮೇಲೆ ಕಣ್ಣಿಟ್ಟೇ ಕೂತ. ಮಾರನೆಯ ದಿನ ಊತ ಇಳಿಯಿತು. ಉಳಿದಿದ್ದ ಒಂದೇ ಫಿಲ್ಮನ್ನು, ಅದರ ವರದಿಯನ್ನು ಹೆಂಡತಿ ಚೀಲಕ್ಕೆ ಹಾಕಿ, ಎರಡೂ ಸ್ಕ್ಯಾನಿನ ತಾರೀಕು ಬರೆದು ಬೀರುವಿನಲ್ಲಿಟ್ಟಳು. ಬುಗುರಿ ಚೆನ್ನಾಗಿದ್ದಾಳೆ. ಆದರೂ ಅವಳು ತಲೆನೋವೆಂದಾಗಲೆಲ್ಲ ಅಪ್ಪನ ಎದೆ ಧಸಕ್ಕೆನ್ನುತ್ತದೆ.

ನಿಮ್ಮ ಮನೆಯಲ್ಲೂ ಮಕ್ಕಳಿದ್ದಾರಲ್ಲವೇ? ಹಳೆಯ ಫಿಲ್ಮು, ವರದಿ ಎಸೆಯಬೇಡಿ; ಯಾವ ಆಸ್ಪತ್ರೆಗೆ ಹೋದರೂ ಜೊತೆಗೆ ಒಯ್ಯಿರಿ. ಸಿ.ಟಿ. ಸ್ಕ್ಯಾನ್ ಎಂದಾಗ ಬಾಯಿಬಿಟ್ಟು ಕೇಳಿ: ಇದು ಈಗಲೇ ಬೇಕೇ? ಕಿರಣವಿಲ್ಲದ ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಸಾಲದೇ? ಯಂತ್ರದ ಕಿರಣದ ಪ್ರಮಾಣವನ್ನು ಮಗುವಿನ ಮೈಗೆ ತಕ್ಕಂತೆ ಇಳಿಸಿದ್ದೀರಾ? ಬೇಕೇ ಬೇಕು ಎಂದರೆ ಧೈರ್ಯವಾಗಿ ಮಾಡಿಸಿ. ಕೇಳಿದ್ದಕ್ಕೆ ಯಾರಾದರೂ ಮುಖ ಗಂಟಿಕ್ಕಿದರೆ ಗಂಟಿಕ್ಕಲಿ. ಕೇಳದೆ ಆಮೇಲೆ ಕೊರಗುವುದಕ್ಕಿಂತ ಅದು ವಾಸಿ.