ಬಿಳಿ ಚೀಟಿಯ ಗಿಡಗಳು

ಸಾಯಬೇಕಾಗಿದ್ದ ಗಿಡಗಳು ಸಾಯಲಿಲ್ಲ. ಶ್ರೀರಂಜಿನಿಯ ತಲೆ ಕೆಟ್ಟದ್ದು ಅದಕ್ಕೆ. ಗಿಡ ಸತ್ತಿತೆಂದು ಅಳುವವರನ್ನು ನೀವು ನೋಡಿರಬಹುದು. ಇವಳು ಮಾತ್ರ ಎಣ್ಮಕಜೆಯ ಗುಡ್ಡದ ಓರೆಯಲ್ಲಿ, ಪಾಲಿಹೌಸಿನ ಪ್ಲಾಸ್ಟಿಕ್ ಮಾಡಿನ ಕೆಳಗೆ, ಫೆಬ್ರವರಿಯ ಸೆಕೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು, ಮೂವತ್ತೆಂಟು ಕೇಪಳದ ಗಿಡಗಳು ಹಚ್ಚಗೆ ಚಿಗುರಿ ನಿಂತಿವೆ ಎಂದು ಅಳುವಂತಾಗಿದ್ದಳು.

ಪಾಲಿಹೌಸು ಗಣೇಶಪ್ರಸಾದನದ್ದು. ಹೊಟೇಲು, ರಿಸಾರ್ಟುಗಳ ಅಂಗಳಕ್ಕೆ ಬೇಕಾದ ಹೂವಿನ ಪೊದೆಗಿಡಗಳನ್ನು ಬೆಳೆಸಿ ಮಾರುವವನು. ಹೋದ ಮಳೆಗಾಲದಲ್ಲಿ ಬೇರುಕೊಳೆ ರೋಗ ಬಂದು ಅವನ ಹೈಬ್ರಿಡ್ ಕೇಪಳದ ಗಿಡಗಳಲ್ಲಿ ಅರ್ಧಕ್ಕರ್ಧ ಕರಕಲಾಗಿ ಹೋಗಿದ್ದವು. ಯಾವ ಮದ್ದು ಈ ರೋಗಕ್ಕೆ ನಾಟುತ್ತದೆ ಎಂದು ನೋಡಲು ಕಾಲೇಜಿನ ಪ್ರಾಜೆಕ್ಟಿನಲ್ಲಿ ಶ್ರೀರಂಜಿನಿ ಬಂದಿದ್ದಳು. ಮಣ್ಣು ತುಂಬಿದ ನೂರ ಅರುವತ್ತು ಗ್ರೋಬ್ಯಾಗು, ಒಂದೊಂದರಲ್ಲಿ ಒಂದು ಗಿಡ. ಲ್ಯಾಬಿನಲ್ಲಿ ಬೆಳೆಸಿದ ರೋಗದ ಬೂಷ್ಟನ್ನು ಪ್ರತಿಯೊಂದರ ಮಣ್ಣಿಗೂ ಅವಳೇ ಕೈಯಾರೆ ಬೆರೆಸಿದ್ದಳು. ಆಮೇಲೆ ಕೆಂಪು, ನೀಲಿ, ಹಳದಿ ಚೀಟಿ ಕಟ್ಟಿದ ನಲವತ್ತು ನಲವತ್ತು ಗಿಡಗಳ ಬುಡಕ್ಕೆ ಒಂದೊಂದು ಬಣ್ಣಕ್ಕೆ ಒಂದೊಂದು ಮದ್ದು, ಹದಿನೈದು ದಿನಕ್ಕೊಮ್ಮೆ. ಬಿಳಿ ಚೀಟಿಯ ನಲವತ್ತಕ್ಕೆ ಬರೀ ನೀರು. ಬಿಳಿಯವು ರೋಗ ಬಂದು ಸಾಯಬೇಕು. ಅವು ಸತ್ತರೆ ಮಾತ್ರ ಉಳಿದವುಗಳನ್ನು ಬದುಕಿಸಿದ್ದು ಮದ್ದು ಎಂದು ಹೇಳಲು ಬರುತ್ತದೆ.

ಮೂರು ತಿಂಗಳಾಗಿತ್ತು. ಕೆಂಪಿನಲ್ಲಿ ಹತ್ತು ಸತ್ತಿದ್ದವು, ಹಳದಿಯಲ್ಲಿ ಹದಿನಾಲ್ಕು, ನೀಲಿಯಲ್ಲಿ ಒಂಬತ್ತು. ಬಿಳಿಯಲ್ಲಿ ಎರಡೇ ಎರಡು!

ಶ್ರೀರಂಜಿನಿ ಒಂದು ಬಿಳಿ ಚೀಟಿಯ ಗಿಡವನ್ನು ಮಣ್ಣುಸಮೇತ ಎತ್ತಿ ಕೊಡವಿ ನೋಡಿದಳು. ಬೇರು ಬೆಳ್ಳಗೆ, ಗಟ್ಟಿಮುಟ್ಟು. ಇನ್ನೊಂದು ಬಿಳಿ ಚೀಟಿಯ ಬ್ಯಾಗಿನ ಮಣ್ಣನ್ನು ಉಗುರಿನಿಂದ ಕೆರೆದಳು. ಕೆರೆದಲ್ಲಿ ನೀಲಿಹಸಿರು ಹೊಪ್ಪಳೆ ಎದ್ದು ಬಂತು. ಅದು ತಾಮ್ರದ ಮದ್ದು. ನೀಲಿ ಚೀಟಿಗೆ ಬಿಟ್ಟು ಇನ್ಯಾವುದಕ್ಕೂ ಹಾಕದ ಮದ್ದು.

ಮದ್ದು ಕಲಸಿ ಹೊಯ್ಯುತ್ತಿದ್ದವಳು ಕಿನ್ನಿ. ನರ್ಸರಿ ಶುರುವಾದ ದಿನದಿಂದ ಅಲ್ಲಿ ದುಡಿಯುವ, ಐವತ್ತು ದಾಟಿದ ಹೆಂಗಸು. ಅಕ್ಷರ ಬಾರದು, ಆದರೆ ಬಣ್ಣ ತಪ್ಪುವವಳಲ್ಲ. ತಾನು ಟೀಚರ್ ಅಲ್ಲ ಎಂದು ಶ್ರೀರಂಜಿನಿ ಹತ್ತು ಸಲ ಹೇಳಿದರೂ ಕಿನ್ನಿಯ ಬಾಯಲ್ಲಿ ಅವಳು ಟೀಚರೇ. ಮಣ್ಣಿಗೆ ರೋಗ ಬೆರೆಸಿದ ದಿನ ಸೊಂಟಕ್ಕೆ ಕೈಕೊಟ್ಟು ನಿಂತು, “ರೋಗ ಹಾಕುದೂ ನೀವೇ, ಮದ್ದು ಹಾಕುದೂ ನೀವೇ. ಒಳ್ಳೆ ಕೆಲಸ ಟೀಚರೇ! ಈ ಬಿಳಿಯವು ಪಾಪ, ಎಂತ ಮಾಡಿದ್ವು ನಿಮಗೆ?” ಎಂದು ಕೇಳಿ ನಗಾಡಿದ್ದಳು. ಶ್ರೀರಂಜಿನಿಯೂ ನಕ್ಕಿದ್ದಳು.

ಈಗ ನಗು ಬರಲಿಲ್ಲ. “ಕಿನ್ನಿಯಕ್ಕಾ, ಬಿಳಿಗೆ ಮದ್ದು ಹಾಕಿದ್ದುಂಟಾ?” ಎಂದು ಕೇಳಿದಳು.

“ಉಂಟು,” ಎಂದಳು ಕಿನ್ನಿ, ಹೂಜಿಯನ್ನು ಕೆಳಗಿಡುತ್ತಾ. ಮುಚ್ಚಿಡುವ ಗೋಜೇ ಇಲ್ಲ. “ಮೂರು ಬಾಲ್ದಿಯಲ್ಲೂ ಅಡಿಯಲ್ಲಿ ಉಳೀತದಲ್ಲ, ಅದನ್ನು ಬಿಳಿಯವಕ್ಕೆ ಹೊಯ್ದೆ. ಅವಕ್ಕೆ ಬೇರೆ ಎಂತದೂ ಇರಲಿಲ್ಲ.”

ಮೂರು ಮದ್ದೂ ಕುಡಿದ ಮೇಲೆ ಆ ಗಿಡಗಳಿಗೆ ಎಂಥ ರೋಗ! ಮೂರು ತಿಂಗಳ ಲೆಕ್ಕವೆಲ್ಲ ನೀರುಪಾಲು. ಶ್ರೀರಂಜಿನಿಗೆ ಸಿಟ್ಟು ಉಕ್ಕಿ ಬಂತು. ಬಂದದ್ದು ಅರ್ಧ ದಾರಿಯಲ್ಲೇ ನಿಂತಿತು, ಯಾಕೆಂದರೆ ಮೊದಲ ದಿನದ ಮಾತು ಅವಳಿಗೆ ನೆನಪಾಗಿತ್ತು. ಉಳಿದ ಮದ್ದನ್ನು ಚೆಲ್ಲಲು ನೀರಿನಿಂದ ದೂರ ಒಂದು ಗುಂಡಿ ತೆಗೆಸಿ, ಸುಣ್ಣ ಹಾಕಿ, ಅದಕ್ಕೇ ಹೊಯ್ಯಬೇಕೆಂದು ನಿಯಮ. ಗುಂಡಿ ಇವತ್ತು ತೆಗೆಸುವ, ನಾಳೆ ತೆಗೆಸುವ ಎಂದು ದಿನ ದೂಡಿದ್ದು ಅವಳು. “ಹಿಂದಿನ ಚರಂಡಿಗೆ ಚೆಲ್ಲಿಬಿಡಿ ಕಿನ್ನಿಯಕ್ಕಾ, ಹರಿದು ಹೋಗ್ತದೆ,” ಎಂದು ಹೇಳಿದ್ದೂ ಅವಳೇ.

ಅಷ್ಟು ಹೊತ್ತಿಗೆ ಗಣೇಶಪ್ರಸಾದ ಬಂದ. ಕೋಪ ಅವನ ಮೂಗಿನ ತುದಿಯಲ್ಲೇ ಇರುವಂಥದ್ದು. ಸಂಗತಿ ತಿಳಿದದ್ದೇ ತಡ, ಪಾಲಿಹೌಸು ಹಾರಿಹೋಗುವ ಹಾಗೆ ಕೂಗಿದ.

“ಅಲ್ಲ ಮಾರಾಯ್ತಿ, ಬಿಳಿಗೆ ಹಾಕ್ಲಿಕ್ಕೆ ನಿನಗೆ ಯಾರು ಹೇಳಿದ್ದು? ಉಳಿದದ್ದನ್ನು ಎಂತ ಮಾಡ್ಲಿಕ್ಕೆ ಹೇಳಿದ್ರು ಇವರು?”

ಕಿನ್ನಿ ಶ್ರೀರಂಜಿನಿಯ ಮುಖ ನೋಡಿದಳು. ಶ್ರೀರಂಜಿನಿ ಕೈಯಲ್ಲಿದ್ದ ಮಣ್ಣನ್ನು ನೋಡುತ್ತಾ ನಿಂತಳು.

“ಯಾರೂ ಎಂತದೂ ಹೇಳಲಿಲ್ಲ ಧನಿಗಳೇ. ನಾನೇ ಹಾಕಿದ್ದು,” ಎಂದಳು ಕಿನ್ನಿ.

“ಹಾಗಾದ್ರೆ ನಾಳೆಯಿಂದ ನೀನು ಬರುದು ಬೇಡ.”

ಕಿನ್ನಿ ಕೈಕಾಲು ತೊಳೆದು, ಬುತ್ತಿಪಾತ್ರೆ ಎತ್ತಿಕೊಂಡು ಗುಡ್ಡ ಇಳಿದು ಹೋದಳು. ಒಂದು ಮಾತು ಎದುರಾಡಲಿಲ್ಲ. ಎದುರಾಡಿದ್ದರೆ ಶ್ರೀರಂಜಿನಿಗೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ.

ಸಂಜೆ ಕಾಲೇಜಿನ ವಸುಮತಿ ಮೇಡಂಗೆ ಫೋನು ಮಾಡಿದಳು. ಪ್ರಾಜೆಕ್ಟು ಮೇಡಂನದ್ದು, ದುಡಿಮೆ ಇವಳದ್ದು. ಮೇಡಂ ಎಲ್ಲ ಕೇಳಿ, “ಉಳಿದದ್ದು ಗುಂಡಿಗೆ ತಾನೇ ಹೋಗಬೇಕಿತ್ತು?” ಎಂದರು.

“ಹೌದು ಮೇಡಂ.” ಸುಳ್ಳೇನೂ ಅಲ್ಲ. ಗುಂಡಿಗೇ ಹೋಗಬೇಕಿತ್ತು.

“ಹಾಗಾದ್ರೆ ‘ಕೆಲಸದವರ ತಪ್ಪಿನಿಂದ ಪ್ರಯೋಗ ಕೆಟ್ಟಿತು’ ಅಂತ ಬರಿ. ಹೊಸತಾಗಿ ಮಾಡ್ಲಿಕ್ಕೆ ಇನ್ನೂ ನಾಲ್ಕು ತಿಂಗಳು ಸಿಗ್ತದೆ. ನಮ್ಮ ಕಡೆಯಿಂದ ನಿಯಮ ತಪ್ಪಿದ್ದು ಅಂತ ಆದ್ರೆ ಪ್ರಾಜೆಕ್ಟೂ ಇಲ್ಲ, ನೀನೂ ಇಲ್ಲ. ನಾಳೆ ಐದು ಗಂಟೆಯ ಒಳಗೆ ರಿಪೋರ್ಟು ನನ್ನ ಕೈಯಲ್ಲಿ ಇರ್ಬೇಕು.”

ಶ್ರೀರಂಜಿನಿ ಹಾಗೆಯೇ ಬರೆದಳು. ಮೂರೇ ಶಬ್ದ, ‘ಕೆಲಸದವರ ತಪ್ಪಿನಿಂದ ಕೆಟ್ಟಿದೆ’. ಕಿನ್ನಿಯ ಹೆಸರು ಎಲ್ಲೂ ಬರಲಿಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನವನ್ನೂ ಹೇಳಿಕೊಂಡಳು. ಆದರೆ ಆ ಸಾಲಿನ ಕೆಳಗೆ ಒಂದು ಕಾಲಂ ಇತ್ತು. ಯಾವ ಯಾವ ದಿನ, ಎಷ್ಟು ಮದ್ದು ಬಿಳಿಗೆ ಬಿದ್ದಿತು ಎಂದು ತುಂಬಬೇಕು. ಅದು ಗೊತ್ತಿದ್ದವಳು ಕಿನ್ನಿ ಒಬ್ಬಳೇ.

ಹಾಗಾಗಿ ಮರುದಿನ ಬೆಳಿಗ್ಗೆ ಪುಸ್ತಕ, ಪೆನ್ನು ಹಿಡಿದು ಅವಳ ಮನೆಗೆ ಇಳಿದಳು. ಕ್ಷಮೆ ಕೇಳಲಿಕ್ಕಲ್ಲ, ತಾರೀಕು ಕೇಳಲಿಕ್ಕೆ.

ಪಾಲಿಹೌಸಿನಿಂದ ಮುರಕಲ್ಲಿನ ಮೆಟ್ಟಿಲಿಳಿದರೆ ಕಿನ್ನಿಯ ಮನೆ. ಜಗಲಿಯಲ್ಲಿ ಚಾಪೆಯ ಮೇಲೆ ಅವಳ ಮಗಳು ಮೋಕ್ಷಿತಾ ಮಲಗಿದ್ದಳು. ಇಪ್ಪತ್ತಾರು ವರ್ಷ, ಮೈ ಹತ್ತು ವರ್ಷದ ಹುಡುಗಿಯದ್ದು. ಕತ್ತು ನಿಲ್ಲದು, ಮಾತಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಹುಳದ ಮದ್ದು ಬಿಡುತ್ತಿದ್ದ ಕೊನೆಯ ವರ್ಷಗಳಲ್ಲಿ ಹುಟ್ಟಿದವಳು. ಈ ಊರಿನಲ್ಲಿ ಅಷ್ಟು ಹೇಳಿದರೆ ಸಾಕು, ಮುಂದೆ ಯಾರೂ ಕೇಳುವುದಿಲ್ಲ. ಕಿನ್ನಿಗೆ ಇಂಥ ಮಗಳಿದ್ದಾಳೆಂದು ಶ್ರೀರಂಜಿನಿ ಕೇಳಿದ್ದಳು. ಮೂರು ತಿಂಗಳಲ್ಲಿ ಒಂದು ದಿನ ಇಳಿದು ಬಂದು ನೋಡಿರಲಿಲ್ಲ.

“ಬನ್ನಿ ಟೀಚರೇ, ಕೂತ್ಕೊಳ್ಳಿ. ಚಾ ಮಾಡ್ತೇನೆ,” ಎಂದಳು ಕಿನ್ನಿ, ನಿನ್ನೆ ಏನೂ ಆಗಿಲ್ಲವೆಂಬಂತೆ.

“ಚಾ ಬೇಡ ಕಿನ್ನಿಯಕ್ಕಾ. ಬಿಳಿಗೆ ಮದ್ದು ಹಾಕಿದ್ದು ಯಾವಾಗಿನಿಂದ? ಆರು ಸಲವೂ ಹಾಕಿದ್ದಾ?”

“ಇಲ್ಲಪ್ಪ. ನಾಲ್ಕು ಸಲ. ಮೊದಲ ಎರಡು ಸಲ ನೀವು ಹೇಳಿದ ಹಾಗೆ ಚರಂಡಿಗೇ ಚೆಲ್ಲಿದ್ದು.”

ಶ್ರೀರಂಜಿನಿ ಬರೆದುಕೊಂಡಳು. “ಮತ್ತೆ ಚರಂಡಿಗೆ ಚೆಲ್ಲುದು ಯಾಕೆ ನಿಲ್ಲಿಸಿದ್ದು?”

ಕಿನ್ನಿ ಮಗಳ ತಲೆಯಡಿಗೆ ಬಟ್ಟೆ ಸರಿಮಾಡಿ, “ಬನ್ನಿ, ತೋರಿಸ್ತೇನೆ,” ಎಂದು ಹಿತ್ತಿಲಿನತ್ತ ನಡೆದಳು.

ಹಿತ್ತಿಲಾಚೆ ತೋಡು. ಕಲ್ಲು, ಮಣ್ಣು, ಸೊಪ್ಪು ಒಟ್ಟಿ ಅಡ್ಡಕ್ಕೆ ಕಟ್ಟ ಕಟ್ಟಿದ್ದರು. ಮಳೆ ಹಿಂದೆ ಸರಿದ ಮೇಲೆ, ತೋಡಿನ ನೀರು ಬೇಸಿಗೆಗೆ ಉಳಿಯಲಿ ಎಂದು ಈ ಕಡೆಯವರು ವರ್ಷವರ್ಷವೂ ಮಾಡುವ ಕೆಲಸ. ಕಟ್ಟದ ಹಿಂದೆ ಸೊಂಟದ ಮಟ್ಟ ನೀರು ಅಲುಗಾಡದೆ ನಿಂತಿತ್ತು. ಪಾಲಿಹೌಸಿನ ಚರಂಡಿ ಗುಡ್ಡದ ಮೇಲಿನಿಂದ ನೆಟ್ಟಗೆ ಇಳಿದು ಅದೇ ನೀರಿಗೆ ಸೇರುತ್ತಿತ್ತು. ಪೇಟೆಯ ಹತ್ತಿರ ನಾಯ್ಮಾರ್ಮೂಲೆಯ ಬಾಡಿಗೆ ಮನೆಯಲ್ಲಿ ಪೈಪು ತಿರುಗಿಸಿ ನೀರು ಕಂಡವಳು ಶ್ರೀರಂಜಿನಿ. ಅಕ್ಟೋಬರಿನಲ್ಲಿ ಈ ತೋಡನ್ನು ಮೇಲಿನಿಂದ ನೋಡಿದಾಗ ನೀರು ಧೋ ಎಂದು ಓಡುತ್ತಿತ್ತು. ಡಿಸೆಂಬರಿನಲ್ಲಿ ಅದನ್ನು ಕಟ್ಟಿ ನಿಲ್ಲಿಸುತ್ತಾರೆಂದು ಅವಳು ಯಾರನ್ನೂ ಕೇಳಿರಲಿಲ್ಲ.

“ಮೊದಲ ಸಲದ್ದು ಹರಿದು ಹೋಯ್ತು,” ಎಂದಳು ಕಿನ್ನಿ. “ಎರಡನೇ ಸಲಕ್ಕೆ ಕಟ್ಟ ಆಗಿತ್ತು. ಮಾರನೇ ದಿನ ನೀರು ತೆಗೀಲಿಕ್ಕೆ ಬಂದೆ. ಸಣ್ಣ ಸಣ್ಣ ಮೀನು, ಹೊಟ್ಟೆ ಮೇಲೆ ಮಾಡಿ ಇಷ್ಟಗಲಕ್ಕೆ ತೇಲ್ತಾ ಇದ್ವು. ಹೆಕ್ಕಿ ಮಣ್ಣಿಗೆ ಹಾಕಿದೆ.”

ಶ್ರೀರಂಜಿನಿಯ ಪೆನ್ನು ನಿಂತಿತು. “ನೀರು... ಎಂತಕ್ಕೆ ತೆಗೆಯುದು?”

“ಮೋಕ್ಷಿತಾಳನ್ನು ಮೀಯಿಸ್ಲಿಕ್ಕೆ. ಕುಡೀಲಿಕ್ಕೆ ಪಂಚಾಯತಿನ ನಳ್ಳಿ ಉಂಟು, ಅದು ಮೀಯಿಸುವಷ್ಟು ಬರುದಿಲ್ಲ.” ಕಿನ್ನಿ ನೀರನ್ನೇ ನೋಡುತ್ತಾ ಹೇಳಿದಳು. “ಮೀನು ಕಂಡದ್ದು ಬೆಳಿಗ್ಗೆ. ಹಿಂದಿನ ದಿನ ಸಂಜೆ ಅದೇ ನೀರಲ್ಲಿ ಮೀಯಿಸಿ ಆಗಿತ್ತು. ಬೆನ್ನಿಡೀ ಕೆಂಪು ಕೆಂಪು ಎದ್ದು ಹತ್ತು ದಿನ ಹೋಗಲಿಲ್ಲ. ಮದ್ದಿಂದಲೋ, ಮಲಗಿ ಮಲಗಿಯೋ, ನಾನು ಹೇಗೆ ಹೇಳುದು ಟೀಚರೇ? ನಾನು ಕಲಿತವಳಲ್ಲ.”

ಕಲಿತವಳು ಪುಸ್ತಕ ಮುಚ್ಚಿದಳು.

“ಚರಂಡಿಗೆ ಚೆಲ್ಲಿದ್ರೆ ಇಲ್ಲಿಗೆ ಬರ್ತದೆ. ಎಲ್ಲಿ ಚೆಲ್ಲಿದ್ರೂ ಮಳೆ ಬಂದಾಗ ಇಲ್ಲಿಗೇ. ಬ್ಯಾಗಿನ ಮಣ್ಣಾದ್ರೆ ಹಿಡ್ಕೊಳ್ತದೆ ಅಂತ ಬಿಳಿಯವಕ್ಕೆ ಹೊಯ್ದೆ. ಅವೂ ಸಾಯ್ತಾ ಇದ್ವು. ಎರಡೂ ಆಯ್ತಲ್ಲ ಅಂತ.”

“ನನಗೆ ಹೇಳಬಹುದಿತ್ತಲ್ಲ ಕಿನ್ನಿಯಕ್ಕಾ! ಮೀನು ಸತ್ತ ದಿನವೇ ಒಂದು ಮಾತು ಹೇಳಬಹುದಿತ್ತಲ್ಲ!” ಶ್ರೀರಂಜಿನಿ ಕೂಗಿದಳು. ಕೂಗಿದ್ದು ಕಿನ್ನಿಯ ಮೇಲಲ್ಲ.

“ಹೇಳುವ ಅಂತ ಬಂದಿದ್ದೆ. ನೀವು ಫೋನಿನಲ್ಲಿದ್ರಿ, ಈ ಕೆಲಸ ಪರ್ಮನೆಂಟ್ ಆಗ್ತದೆ ಅಮ್ಮಾ ಅಂತ ಖುಷಿಯಲ್ಲಿ ಹೇಳ್ತಾ ಇದ್ರಿ.” ಕಿನ್ನಿ ಸೆರಗಿನಿಂದ ಕತ್ತು ಒರೆಸಿಕೊಂಡಳು. “ಮದ್ದಿನ ಸುದ್ದಿ ಈ ಊರಲ್ಲಿ ಬಾಯಿಬಿಟ್ರೆ ಪೇಪರಿನವರು ಬರ್ತಾರೆ, ಪೊಲೀಸು ಬರ್ತದೆ. ನಿಮ್ಮ ಹೊಟ್ಟೆಗೆ ನಾನು ಯಾಕೆ ಹೊಡೀಬೇಕು? ಸಣ್ಣ ಪ್ರಾಯ ನಿಮ್ಮದು. ನಾನೇ ಬೇರೆ ಕಡೆ ಹೊಯ್ದ್ರೆ ಮುಗೀತು ಅಂತ ಸುಮ್ಮನಾದೆ.”

ನಿನ್ನೆ ಗಣೇಶಪ್ರಸಾದನ ಎದುರು ಈ ಹೆಂಗಸು ತನ್ನ ಮುಖ ನೋಡಿದ್ದು ಯಾಕೆಂದು ಶ್ರೀರಂಜಿನಿಗೆ ಆಗ ಗೊತ್ತಾಯಿತು. ಸಹಾಯ ಮಾಡಿ ಎಂದಲ್ಲ. ಹೆದರಬೇಡಿ ಎಂದು. ಅವಳಿಗೆ ನಾಚಿಕೆಯಿಂದ ಮೈ ಬೆಂಕಿಯಾಯಿತು. ಅಳು ಬಂತು. ಅಳಲು ತನಗೆ ಯಾವ ಮುಖ ಇದೆ ಎಂದು ತಡೆದುಕೊಂಡಳು.

“ಈಗ ನೀರು?” ಎಂದು ಕೇಳಿದಳು ಕೊನೆಗೆ.

“ಮೇಲಿನ ಮನೆಯ ಬಾವಿಯಿಂದ ಹೊರ್ತೇನೆ. ದಿನಕ್ಕೆ ಆರು ಕೊಡ.” ಆಮೇಲೆ ಕಿನ್ನಿಯೇ ಕೇಳಿದಳು, “ಆ ಬಿಳಿ ಗಿಡಗಳನ್ನು ಇನ್ನು ಎಂತ ಮಾಡ್ತೀರಿ?”

“ಕಿತ್ತು ಸುಡಬೇಕು. ಎಲ್ಲವನ್ನೂ.”

“ಅಯ್ಯೋ,” ಎಂದಳು ಕಿನ್ನಿ. ಕೆಲಸ ಹೋದಾಗ ಹೇಳದ ಅಯ್ಯೋ ಅದು.

ಮೆಟ್ಟಿಲು ಹತ್ತಿ ಬಂದವಳೇ ಶ್ರೀರಂಜಿನಿ ಗಣೇಶಪ್ರಸಾದನಿಗೆ ಎಲ್ಲವನ್ನೂ ಹೇಳಿದಳು. ಗುಂಡಿ, ಚರಂಡಿ, ಕಟ್ಟ, ಮೀನು, ಮೋಕ್ಷಿತಾಳ ಬೆನ್ನು. ಈ ಸಲ ಅವನು ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು. “ನಿನ್ನೆ ಇದನ್ನು ಹೇಳ್ಲಿಕ್ಕೆ ನಿನಗೆ ಬಾಯಿ ಇರ್ಲಿಲ್ವಾ?” ಎಂದಷ್ಟೇ ಕೇಳಿ, ಟೊಪ್ಪಿ ತೆಗೆದು ಕುರ್ಚಿಯಲ್ಲಿ ಕುಳಿತುಬಿಟ್ಟ.

ಅವಳು ಲ್ಯಾಪ್‌ಟಾಪ್ ತೆರೆದು ಆ ಮೂರು ಶಬ್ದಗಳನ್ನು ಅಳಿಸಿದಳು. ಉಳಿದ ಮದ್ದನ್ನು ಚರಂಡಿಗೆ ಚೆಲ್ಲಲು ಹೇಳಿದವಳು ನಾನು, ಕೆಲಸದವರ ತಪ್ಪಿಲ್ಲ ಎಂದು ಬರೆದಳು. ಎರಡನೇ ಸಲದ ಮರುದಿನ ಕಟ್ಟದ ನೀರಿನಲ್ಲಿ ಮೀನುಗಳು ಸತ್ತಿವೆ, ಆ ನೀರಿನಲ್ಲಿ ಮೀಯುತ್ತಿದ್ದ ಒಬ್ಬಳಿಗೆ ಮೈಯಲ್ಲಿ ಕೆಂಪು ಎದ್ದಿದೆ, ನೀರನ್ನೂ ಅವಳನ್ನೂ ಕೂಡಲೇ ಪರೀಕ್ಷೆ ಮಾಡಿಸಬೇಕು ಎಂದು ಬರೆದಳು. ತಾರೀಕುಗಳನ್ನು ತುಂಬಿದಳು. ಕೆಳಗೆ ತನ್ನ ಹೆಸರು ಪೂರ್ತಿ ಹಾಕಿ ಕಳಿಸಿಬಿಟ್ಟಳು. ಗಂಟೆ ನಾಲ್ಕೂವರೆ.

ಹತ್ತು ನಿಮಿಷದಲ್ಲಿ ಮೇಡಂನ ಫೋನು.

“ಶ್ರೀರಂಜಿನಿ, ಎಂತ ಇದು? ತಲೆ ಸರಿ ಉಂಟಾ ನಿನಗೆ? ಇನ್ನೂ ಹೊತ್ತುಂಟು. ಈ ಮೀನಿನ ಕತೆ ತೆಗೆದು ಬೇರೆ ಕಳಿಸು. ನಾವು ಪರೀಕ್ಷೆ ಮಾಡಿದ್ದು ಗಿಡಕ್ಕೆ. ಮೀನು, ಮನುಷ್ಯರು ನಮ್ಮ ಪ್ರಯೋಗದಲ್ಲಿ ಇರಲೇ ಇಲ್ಲ.”

“ಇದ್ರು ಮೇಡಂ,” ಎಂದಳು ಶ್ರೀರಂಜಿನಿ. “ಅವರಿಗೆ ಚೀಟಿ ಕಟ್ಟಿರಲಿಲ್ಲ, ಅಷ್ಟೆ.”

ಆಚೆ ಕಡೆಯಿಂದ ಫೋನು ಕಟ್ಟಾಯಿತು. ಅವಳು ಮೂಲೆಯಲ್ಲಿದ್ದ ಗುದ್ದಲಿ ಎತ್ತಿಕೊಂಡು ಚರಂಡಿಯ ಬಾಯಿ ಮುಚ್ಚಲು ಹಿಂದಕ್ಕೆ ಹೋದಳು.