ತುಕ್ಕು ಹತ್ತಿದ ಒಂದೇ ಗಿಡ

ರೋಗ ಬರಲಿ ಎಂದು ಹಂಬಲಿಸುವವರನ್ನು ಎಲ್ಲಾದರೂ ಕಂಡಿದ್ದೀರಾ? ನಮ್ಮ ಮನೆಯಲ್ಲೇ ಒಬ್ಬಳಿದ್ದಾಳೆ, ನನ್ನ ಸೊಸೆ. ಬೀನ್ಸ್ ಗಿಡಗಳಿಗೆ ಇನ್ನೂ ತುಕ್ಕು ಹತ್ತಲಿಲ್ಲವಲ್ಲ ಎಂದು ಊಟ ಬಿಟ್ಟು ಕೂತವಳು.

ಅವಳು ಸಂಶೋಧನಾ ಕೇಂದ್ರದ ಲ್ಯಾಬಿನಲ್ಲಿ ವಿಜ್ಞಾನಿ. ನಾನು ಅದೇ ಕಟ್ಟಡದ ಬೀಜದ ಕೋಣೆಯಲ್ಲಿ ಜೊಳ್ಳು, ಹುಳುಕು ಆರಿಸುವವಳು. ಅಲ್ಲಿ ನಾನು ಮೇಡಂ ಎಂದು ಕರೆದರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ಕರೆಯುತ್ತೇನೆ.

ಯಾರೂ ಬಾಯಿಗಿಡದ ಒಂದು ಕಾಡು ಬೀನ್ಸ್ ಇದೆ, ಅದಕ್ಕೆ ತುಕ್ಕು ರೋಗ ಬರುವುದಿಲ್ಲ. ನಾವು ತಿನ್ನುವ ಬೀನ್ಸಿಗೆ ಬಾರದ ವರ್ಷವಿಲ್ಲ. ಇವೆರಡನ್ನೂ ಕೂಡಿಸಿ, ಅದರ ಗಟ್ಟಿತನ ಇದರ ರುಚಿ ಎರಡೂ ಇರುವ ಗಿಡ ಮಾಡುವುದು ಅವಳ ಕೆಲಸ. ಹಿಂದೆಲ್ಲ ಗಿಡ ಬೆಳೆದು ರೋಗ ಬರುವ ತನಕ ಕಾಯಬೇಕಿತ್ತು. ಇವಳು ಎಳೇ ಸಸಿಯಿಂದ ಚಿಟಿಕೆಯಷ್ಟು ಎಲೆ ಕತ್ತರಿಸಿ, ಅದರ ಡಿಎನ್‌ಎಯಲ್ಲಿ ಕಾಡು ಬೀನ್ಸಿನ ಗಟ್ಟಿತನ ಬಂದಿದೆ ಎಂದು ತೋರಿಸುವ ಒಂದು ಗುರುತು ಇದೆಯೇ ಎಂದು ನೋಡುತ್ತಾಳೆ. ಗುರುತಿದ್ದ ಸಸಿ ಹೊಲಕ್ಕೆ, ಇಲ್ಲದ್ದು ಗೊಬ್ಬರದ ಗುಂಡಿಗೆ.

ಈ ಸಲ ಆ ಗಿಡಗಳಿಗೆ ಪರೀಕ್ಷೆ. ಬೇಗ ರೋಗ ಹತ್ತುವ ಹಳೆಯ ತಳಿಯನ್ನು ಬೇಕೆಂದೇ ಸಾಲುಗಳ ನಡುವೆ ಬಿತ್ತಿದ್ದಳು, ಅಲ್ಲಿಂದ ತುಕ್ಕು ಹರಡಲಿ ಎಂದು. ಕೇಂದ್ರದ ಕೆಲಸ ಪರಿಶೀಲಿಸುವ ಸಮಿತಿಯವರು ನೋಡಿ ಒಪ್ಪಿದರೆ ಕೆಲಸ ಮುಂದಕ್ಕೆ. ಇಲ್ಲವಾದರೆ ಹೊಲ ಇನ್ನೊಬ್ಬರ ಪಾಲು, ಇಷ್ಟು ವರ್ಷ ದುಡಿದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಕೊನೆಗೂ ತುಕ್ಕು ಬಂತು. ಹಳೆಯ ತಳಿಯ ಎಲೆಗಳೆಲ್ಲ ಕಂದುಪುಡಿ ಮೆತ್ತಿಕೊಂಡು ಉದುರಿದವು. ಅವಳ ಸಾಲುಗಳು ಹಸಿರಾಗಿ ನಿಂತವು, ನಡುವಿನ ಒಂದೇ ಒಂದು ಗಿಡ ಬಿಟ್ಟು. ಅದರ ಮೈತುಂಬ ತುಕ್ಕು.

ಸಮಿತಿ ಬರುವ ದಿನ ಬೆಳಿಗ್ಗೆ ನಾನೇ ಆ ಗಿಡದ ಬುಡಕ್ಕೆ ಕೈ ಹಾಕಿದೆ. "ಕಿತ್ತು ಬಿಸಾಡ್ತೀನಿ ಕಣೇ. ಒಂದು ಗಿಡ, ಯಾರು ಕೇಳ್ತಾರೆ?"

"ಅತ್ತೆ, ಮುಟ್ಟಬೇಡಿ!" ಎಂದು ಕೂಗಿದಳು. ನನ್ನ ಮೇಲೆ ಅವಳು ದನಿ ಎತ್ತಿದ್ದು ಅದೇ ಮೊದಲು. "ಅವರು ಮೊದಲು ನೋಡಬೇಕಾಗಿರೋದೇ ಇದನ್ನ."

"ಹಗಲು ಕಂಡ ಬಾವಿಗೆ ಎಲ್ಲರೂ ರಾತ್ರಿ ಬಿದ್ರೆ, ನೀನು ಹಗಲೇ ಬೀಳ್ತೀಯಲ್ಲೇ!" ಎಂದು ಗೊಣಗಿದೆ. ಆದರೆ ಕೈ ತೆಗೆದೆ.

ಸಮಿತಿಯ ಮುಖ್ಯಸ್ಥರನ್ನು ನಾವು ಬೀಜದ ಕೋಣೆಯವರು ಗಂಟುಮುಖ ಎನ್ನುತ್ತೇವೆ. ಅವರು ಆ ಗಿಡದ ಎಲೆಯನ್ನು ಉಜ್ಜಿ, ಕಂದಾದ ಬೆರಳನ್ನು ಅವಳ ಮುಂದೆ ಹಿಡಿದರು. "ಇದರಲ್ಲೂ ನಿಮ್ಮ ಗುರುತು ಇತ್ತೇನಮ್ಮ?"

"ಇತ್ತು ಸರ್."

ಇಲ್ಲ ಎಂದುಬಿಡಬಾರದಿತ್ತೇ ಎಂದುಕೊಂಡೆ ನಾನು. ಅವಳು ಮಾತ್ರ ತಡವರಿಸಲಿಲ್ಲ.

"ನಾವು ನೋಡೋ ಗುರುತು ರೋಗ ತಡೆಯೋ ಜೀನ್ ಅಲ್ಲ ಸರ್, ಅದರ ಪಕ್ಕದ ಮನೆ. ಸಾಮಾನ್ಯವಾಗಿ ಎರಡೂ ಒಟ್ಟಿಗೇ ಮುಂದಿನ ಪೀಳಿಗೆಗೆ ಹೋಗುತ್ವೆ. ಇದರಲ್ಲಿ ಪಕ್ಕದ ಮನೆಯವರು ಬಂದ್ರು, ಬೇಕಾದವರು ಬರಲಿಲ್ಲ. ಚುಕ್ಕೆ ಕಂಡ ದಿನವೇ ಇದರ ಎಲೆ ತಗೊಂಡು ಹೋಗಿ, ಜೀನಿನ ಆಚೆ ಪಕ್ಕದಲ್ಲಿ ಇನ್ನೊಂದು ಗುರುತು ಹುಡುಕಿದೆ. ಅದು ಇದರಲ್ಲಿ ಇಲ್ಲ, ಉಳಿದ ಎಲ್ಲದರಲ್ಲೂ ಇದೆ. ಇನ್ಮೇಲೆ ಎರಡೂ ಕಡೆ ನೋಡಿದ್ರೆ, ನಡುವಿನದು ತಪ್ಪಿಸ್ಕೊಳ್ಳೋದು ತೀರಾ ಅಪರೂಪ."

ಗಂಟುಮುಖದವರು ಸಾಲಿನುದ್ದಕ್ಕೂ ಒಂದೊಂದೇ ಎಲೆ ತಿರುವಿ ನೋಡುತ್ತ ಆ ತುದಿಗೆ ಹೋದರು, ಬಂದರು.

"ಈ ಗಿಡವನ್ನ ಬೆಳಿಗ್ಗೆ ಕಿತ್ತಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ," ಎಂದರು.

"ಮುಂದೊಂದು ವರ್ಷ ರೈತರಿಗೆ ಗೊತ್ತಾಗ್ತಿತ್ತು ಸರ್."

ಅವರು ತಲೆಯಾಡಿಸಿದರು. "ಎರಡೂ ಗುರುತು ಇರೋ ಗಿಡದ ಬೀಜ ತೆಗೀರಿ. ಹೊಲ ನಿಮ್ಮದೇ."

ಸೊಸೆ ಆ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ನನಗೆ ತಡೆಯಲಾಗಲಿಲ್ಲ. ಮಣ್ಣಿನ ಕೈಯಲ್ಲೇ ಹೋಗಿ ಅವರೆದುರು ನಿಂತೆ. "ಸರ್, ಇವಳು ನನ್ನ ಸೊಸೆ."

"ಗೊತ್ತಮ್ಮ," ಎಂದರು ಗಂಟುಮುಖದವರು, "ನೀವು ಗೇಟಿನ ಹತ್ತಿರಾನೇ ಹೇಳಿದ್ರಿ."

ಹೇಳಿದ್ದೆ, ನಿಜ. ಆಗ ಸಂಬಂಧ ಹೇಳಿದ್ದೆ. ಈಗ ಹೇಳಿದ್ದು ಹೆಮ್ಮೆ.